ನೂಲಿನಂತೆ ಸೀರೆ



"ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹೆಣ್ಣು ನೋಡಲು ಹೊರಟವರು ಇದರ ಉತ್ತರಾರ್ಧವನ್ನು ಬಹಳ ಎಚ್ಚರದಿಂದ ನೆನೆಯುವುದುಂಟು. ಸೀರೆ ಕೊಳ್ಳಲು ಹೊರಟವರು ಪೂರ್ವಾರ್ಧವನ್ನು ನೆನೆಯುವುದು ಮಾತ್ರ ಅಪೂರ್ವ. ಅಂಗಡಿಯಲ್ಲಿ ಬಣ್ಣವನ್ನು ನೋಡುತ್ತೇವೆ, ಅಂಚು ಸೆರಗುಗಳನ್ನು ನೋಡುತ್ತೇವೆ, ಬೆಲೆಯನ್ನು ವಿಚಾರಿಸುತ್ತೇವೆ. ನೂಲನ್ನು ನೋಡುವವರು ಯಾರು? ಇತಿಹಾಸವನ್ನು ಬರೆದವರೂ ಬಹುಮಟ್ಟಿಗೆ ಹೀಗೆಯೇ ನಡೆದುಕೊಂಡಿದ್ದಾರೆ. ನೇಯ್ಗೆಯವರ ವಿಷಯವಾಗಿ ಶಾಸನಗಳುಂಟು, ಮಗ್ಗದ ತೆರಿಗೆಯ ಲೆಕ್ಕಗಳುಂಟು, ನೇಕಾರರ ಬೀದಿಗಳ ಹೆಸರುಗಳುಂಟು. ನೂಲುವವರಿಗಾದರೋ ಬೀದಿಯೂ ಇಲ್ಲ, ಶಾಸನವೂ ಇಲ್ಲ. ಅವರು ಮನೆಯ ಮೂಲೆಯಲ್ಲಿ ಕುಳಿತು ರಾಟೆ ತಿರುಗಿಸಿದ ಹೆಂಗಸರು. ಆದರೂ ಬಟ್ಟೆಯ ಗುಣವನ್ನೆಲ್ಲ ಅರ್ಧಕ್ಕಿಂತ ಹೆಚ್ಚಾಗಿ ನಿಶ್ಚಯಿಸತಕ್ಕದ್ದು ಮಗ್ಗವಲ್ಲ, ನೂಲು. ನೂಲಿನ ಕಟ್ಟಡದಲ್ಲಿ ಉಂಟಾದ ಒಂದು ಸಣ್ಣ ವ್ಯತ್ಯಾಸ ಲಕ್ಷಾಂತರ ಜನರ ಅನ್ನವನ್ನು ಕಿತ್ತುಕೊಂಡದ್ದೂ ಉಂಟು. ಆ ಸಂಗತಿಯನ್ನು ತಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಮೊದಲು ನೂಲು ಎಂದರೇನೆಂಬುದನ್ನು ನೋಡೋಣ. ಒಂದು ಚಿಟಿಕೆ ಹತ್ತಿಯನ್ನು ಕೈಗೆ ತೆಗೆದುಕೊಂಡು ಎರಡು ಕಡೆಗೂ ಎಳೆದರೆ ಎಳೆಗಳು ಒಂದರ ಮೇಲೊಂದು ಜಾರಿ, ಸದ್ದಿಲ್ಲದೆ ಬೇರೆಯಾಗುತ್ತವೆ. ಅದೇ ಹತ್ತಿಯನ್ನು ಎಳೆಯುತ್ತ ಬೆರಳುಗಳಿಂದ ಹೊಸೆದರೆ ಅದು ದಾರವಾಗಿ ನಿಲ್ಲುತ್ತದೆ. ಈಗ ಎಳೆದರೆ ತಡೆಯುತ್ತದೆ. ಹತ್ತಿಗೆ ನಾವು ಅಂಟನ್ನು ಹಚ್ಚಲಿಲ್ಲ, ಗಂಟನ್ನು ಹಾಕಲಿಲ್ಲ. ಹುರಿಯನ್ನು ಮಾತ್ರ ಕೊಟ್ಟೆವು. ಸುರುಳಿಯಾಗಿ ಸುತ್ತಿಕೊಂಡ ಎಳೆಗಳು ದಾರವನ್ನು ಎಳೆದಾಗ ಒಳಮುಖವಾಗಿ ಒಂದನ್ನೊಂದು ಒತ್ತುತ್ತವೆ. ಒತ್ತಿದಷ್ಟೂ ಅವುಗಳ ನಡುವಣ ಘರ್ಷಣೆ ಹೆಚ್ಚುತ್ತದೆ. ಘರ್ಷಣೆ ಹೆಚ್ಚಿದಷ್ಟೂ ಹಿಡಿತ ಬಲವಾಗುತ್ತದೆ. ಅಂಗುಲದಷ್ಟೂ ಉದ್ದವಿಲ್ಲದ ದುರ್ಬಲವಾದ ಎಳೆಗಳಿಂದ ಮೈಲಿಗಟ್ಟಲೆ ಉದ್ದದ ದಾರವಾಗುವುದು ಈ ಒಂದೇ ಉಪಾಯದಿಂದ.

ಆದರೆ ಹುರಿಗೂ ಒಂದು ಮಿತಿಯುಂಟು. ಹುರಿಯನ್ನು ಹೆಚ್ಚಿಸುತ್ತ ಹೋದರೆ ಒಂದು ಹಂತದವರೆಗೆ ನೂಲಿನ ಬಲ ಏರುತ್ತದೆ. ಆಮೇಲೆ ಎಳೆಗಳು ತೀರ ಓರೆಯಾಗಿ ಮಲಗುವುದರಿಂದ ಬಲ ಇಳಿಯತೊಡಗುತ್ತದೆ, ನೂಲು ತನ್ನಷ್ಟಕ್ಕೆ ತಾನೇ ಸಿಂಬೆ ಸುತ್ತಿಕೊಳ್ಳುತ್ತದೆ. ಹುರಿ ಕಡಮೆಯಾಗಿರುವ ನೂಲು ಉಬ್ಬಿಕೊಂಡು ಮೆತ್ತಗಿರುತ್ತದೆ. ಎಳೆಗಳ ಸಂದಿನಲ್ಲಿ ಗಾಳಿಯನ್ನು ಹಿಡಿದಿಟ್ಟುಕೊಂಡು ಬೆಚ್ಚಗಿರುತ್ತದೆ. ನೀರನ್ನು ಬೇಗ ಹೀರುತ್ತದೆ. ಆದರೆ ಬೇಗ ಸವೆದು ಜುಂಗೇಳುತ್ತದೆ. ಮೈ ಒರಸುವ ಟವಲಿನ ಕುಣಿಕೆಗಳಿಗೆ ಇಂಥ ನೂಲೇ ಬೇಕು. ಹುರಿ ಬಿಗಿಯಾದ ನೂಲು ಸಣ್ಣಗೆ, ಗಟ್ಟಿಯಾಗಿ, ನಯವಾಗಿರುತ್ತದೆ. ಅದರಿಂದ ವಿರಳವಾಗಿ ನೆಯ್ದ ವಾಯಿಲ್ ಬಟ್ಟೆ ಮೈಗೆ ಅಂಟದೆ ಬೇಸಗೆಯಲ್ಲಿ ತಂಪಾಗಿರುತ್ತದೆ. ಎರಡು ಬಟ್ಟೆಗಳ ಹತ್ತಿಯೂ ಒಂದೇ ಹೊಲದ್ದಾಗಿರಬಹುದು, ವ್ಯತ್ಯಾಸವೆಲ್ಲ ಹುರಿಯದು. ಇನ್ನು, ಎರಡು ಮೂರು ನೂಲುಗಳನ್ನು ಸೇರಿಸಿ, ಮೊದಲಿನ ಹುರಿಗೆ ವಿರುದ್ಧವಾದ ದಿಕ್ಕಿನಲ್ಲಿ ಮತ್ತೆ ಹೊಸೆದರೆ, ಒಂದು ಹುರಿ ಬಿಚ್ಚಿಕೊಳ್ಳಲೆಳಸುವುದನ್ನು ಇನ್ನೊಂದು ತಡೆದು, ಶಾಂತವಾದ, ಸಮನಾದ, ಬಲವಾದ ದಾರವಾಗುತ್ತದೆ. ಹೊಲಿಗೆಯ ದಾರವೂ ಜನಿವಾರವೂ ಹೀಗೆ ಎಳೆ ಕೂಡಿಸಿದ ನೂಲುಗಳೇ.

ಹುರಿಯ ದಿಕ್ಕಿನ ಮಾತು ಬಂದಿತು. ಇದು ಅಲ್ಪವಾದ ವಿಷಯವೆಂದು ತಾವು ಭಾವಿಸಬಹುದು; ಆದರೆ ಪುರಾತತ್ತ್ವಜ್ಞರಿಗೆ ಇದೊಂದು ದೊಡ್ಡ ಸಾಕ್ಷಿ. ದಾರವನ್ನು ನೆಟ್ಟಗೆ ಹಿಡಿದು ನೋಡಿದರೆ ಅದರ ಸುರುಳಿಯ ಗೆರೆಗಳು ಕೆಳಗಿನ ಎಡಗಡೆಯಿಂದ ಮೇಲಿನ ಬಲಗಡೆಗೆ ಏರಿರುತ್ತವೆ, ಇಲ್ಲವೆ ಮೇಲಿನ ಎಡಗಡೆಯಿಂದ ಕೆಳಗಿನ ಬಲಗಡೆಗೆ ಇಳಿದಿರುತ್ತವೆ. ಇಂಗ್ಲಿಷ್ ಅಕ್ಷರಗಳ ನಡುಗೆರೆಯ ಓರೆಯನ್ನು ಹೋಲುವುದರಿಂದ ಮೊದಲನೆಯದಕ್ಕೆ 'ಜೆಡ್' ಹುರಿಯೆಂದೂ ಎರಡನೆಯದಕ್ಕೆ 'ಎಸ್' ಹುರಿಯೆಂದೂ ಹೆಸರು. ಪ್ರಾಚೀನ ಈಜಿಪ್ಟಿನವರು ಅಗಸೆನಾರನ್ನು ನೂತು ಬಟ್ಟೆ ಮಾಡುತ್ತಿದ್ದರು. ಒಣಗುವಾಗ ಆ ನಾರು ತಾನಾಗಿಯೇ 'ಎಸ್' ದಿಕ್ಕಿಗೆ ತಿರುಗುತ್ತದೆ. ಅವರ ನೂಲಿನ ಹುರಿಯೂ ಸಾಮಾನ್ಯವಾಗಿ ಅದೇ. ಭಾರತದ ಹತ್ತಿಯ ನೂಲಿನ ಹುರಿ ಸಾಮಾನ್ಯವಾಗಿ 'ಜೆಡ್'. 1994ರಿಂದ ಈಚೆಗೆ ಕೆಂಪು ಸಮುದ್ರದ ದಡದಲ್ಲಿ ಬೆರೆನಿಕೆಯೆಂಬ ರೋಮನ್ ಕಾಲದ ರೇವುಪಟ್ಟಣವನ್ನು ಅಗೆದವರಿಗೆ ಹತ್ತಿಬಟ್ಟೆಯ ಚಿಂದಿಗಳು ದೊರೆತುವು. ಅವುಗಳಲ್ಲಿ ಎಷ್ಟೋ ಚಿಂದಿಗಳು ಭಾರತದಿಂದ ಹಡಗೇರಿ ಹೋದುವೆಂದು ವಿದ್ವಾಂಸರು ಗುರುತಿಸಿದ್ದು ಮುಖ್ಯವಾಗಿ ಈ ಹುರಿಯ ದಿಕ್ಕಿನಿಂದ. ಬಣ್ಣ ಮಾಸಿತು, ಅಂಚು ಹರಿಯಿತು, ಕೊಂಡವರ ಮಾರಿದವರ ಹೆಸರುಗಳು ಅಳಿದುಹೋದುವು. ಎರಡು ಸಾವಿರ ವರ್ಷಗಳ ಹಿಂದೆ ಯಾವಳೋ ಒಬ್ಬ ಹೆಂಗಸು ಕದಿರನ್ನು ಬಲಕ್ಕೆ ತಿರುಗಿಸಿದಳೆಂಬುದೊಂದು ಉಳಿಯಿತು.

ನಮ್ಮ ದೇಶದಲ್ಲಿ ಹತ್ತಿಯ ನೂಲಿನ ಪ್ರಾಚೀನತೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಮೊಹೆಂಜೊದಾರೋವಿನ ಅಗೆತದಲ್ಲಿ 1920ರ ದಶಕದಲ್ಲಿ ದೊರೆತ ಬೆಳ್ಳಿಯ ಕಲಶವೊಂದಕ್ಕೆ ಮಂಜಿಷ್ಠದ ಬಣ್ಣ ಹಾಕಿದ ಹತ್ತಿಬಟ್ಟೆಯ ತುಣುಕು ಅಂಟಿಕೊಂಡಿತ್ತು. ಬಲೂಚಿಸ್ಥಾನದ ಮೆಹರ್‌ಗಢದ ಸಮಾಧಿಯೊಂದರಲ್ಲಿ ದೊರೆತ ತಾಮ್ರದ ಮಣಿಯ ರಂಧ್ರದಲ್ಲಿ ಸಿಕ್ಕಿಕೊಂಡಿದ್ದ ದಾರ ಹತ್ತಿಯದೆಂದು 2002ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂದಿತು; ಆ ಮಣಿ ಕ್ರಿಸ್ತಪೂರ್ವ ಆರನೆಯ ಸಹಸ್ರಮಾನದ್ದು. ಅಂದಿನ ಸಾಧನ ಬರಿಯ ಕದಿರು. ತಕಲಿಯೆಂದು ನಾವು ಕರೆಯುವುದರ ಪೂರ್ವಜ. ಕದಿರನ್ನು ಅಡ್ಡಲಾಗಿ ಇಟ್ಟು, ಅದಕ್ಕೆ ಚಕ್ರವನ್ನೂ ಮಾಲೆಯನ್ನೂ ಹೂಡಿದಾಗ ರಾಟೆಯಾಯಿತು. ಈ ರಾಟೆ ಭಾರತಕ್ಕೆ ಯಾವಾಗ ಬಂದಿತೆಂಬ ವಿಷಯದಲ್ಲಿ ಚರ್ಚೆಯುಂಟು. ಬಹಮನಿ ಸುಲ್ತಾನನ ಆಶ್ರಯದಲ್ಲಿ ಇಸಾಮಿ 1350ರ ಹೊತ್ತಿಗೆ ರಚಿಸಿದ ಪಾರಸಿ ಕಾವ್ಯದಲ್ಲಿ ಬರುವ ಉಲ್ಲೇಖವನ್ನು ಇತಿಹಾಸಜ್ಞ ಇರ್ಫಾನ್ ಹಬೀಬರು ಮುಖ್ಯ ಆಧಾರವಾಗಿ ಎತ್ತಿ ತೋರಿಸಿದ್ದಾರೆ. ರಜಿಯಾ ಸುಲ್ತಾನಳು ಸಿಂಹಾಸನವನ್ನೇರಿದ್ದನ್ನು ಸಹಿಸದ ಆ ಕವಿಯ ಪ್ರಕಾರ ಹೆಣ್ಣಿಗೆ ತಕ್ಕ ಸ್ಥಾನ ರಾಟೆಯ ಮುಂದೆ.

ಕನ್ನಡ ಬಲ್ಲವರಿಗೆ ಇಲ್ಲಿ ಇನ್ನೊಂದು ಹೆಸರು ನೆನಪಾಗದಿರದು. ಹನ್ನೆರಡನೆಯ ಶತಮಾನದ ಶರಣೆಯೆಂದು ಪರಂಪರೆ ಹೇಳುವ ಕದಿರ ರೆಮ್ಮವ್ವೆಯ ಕಾಯಕ ನೂಲುವುದು. ಆಕೆಯ ಅಂಕಿತದಲ್ಲಿಯೇ ಕದಿರುಂಟು. ವಚನದಲ್ಲಿ ರಾಟೆಯ ಒಂದೊಂದು ಅಂಗವನ್ನೂ ಹೆಸರಿಸಿ ಅದಕ್ಕೆ ತತ್ತ್ವಾರ್ಥವನ್ನು ಕಲ್ಪಿಸಿದ್ದಾಳೆ. ವಚನಗಳ ಓಲೆಪ್ರತಿಗಳು ಶತಮಾನಗಳ ಅನಂತರದವಾದ್ದರಿಂದ ಇದೊಂದನ್ನೇ ನಂಬಿ ರಾಟೆಯ ಕಾಲವನ್ನು ನಿರ್ಣಯಿಸಲಾಗದು. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಪಾರಸಿ ಕವಿಗೆ ರಾಟೆ ಹೆಣ್ಣನ್ನು ಕಟ್ಟಿಹಾಕುವ ಗೂಟ; ಕನ್ನಡದ ಶರಣೆಗೆ ಅದು ಸ್ವಂತದ ದುಡಿಮೆ, ಸ್ವಂತದ ಮಾತು. ನೂಲುವವರು ತಮ್ಮ ಕೆಲಸದ ವಿಷಯವಾಗಿ ತಾವೇ ಮಾತಾಡಿದ್ದು ಪ್ರಪಂಚದ ಸಾಹಿತ್ಯದಲ್ಲಿ ಹೆಚ್ಚಾಗಿಲ್ಲ. ನಮ್ಮಲ್ಲಿ ಅಂಥದೊಂದು ಉಳಿದಿರುವುದು ನಮ್ಮ ಪುಣ್ಯ.

ಈಗ ನಯದ ವಿಚಾರ. ಹತ್ತಿನೂಲಿನ ನಯವನ್ನು ನಮ್ಮ ನೇಕಾರರು 'ನಂಬರು' ಎಂದು ಅಳೆಯುತ್ತಾರೆ. 840 ಗಜದ ಲಡಿಗಳು ಒಂದು ಪೌಂಡು ತೂಕಕ್ಕೆ ಎಷ್ಟು ಬರುತ್ತವೆಯೋ ಅದು ಆ ನೂಲಿನ ನಂಬರು. ನಲವತ್ತನೆಯ ನಂಬರಿನ ನೂಲೆಂದರೆ ಪೌಂಡಿಗೆ 33,600 ಗಜ, ಅಂದರೆ ಸುಮಾರು 19 ಮೈಲಿ. ನಂಬರು ಏರಿದಷ್ಟೂ ನೂಲು ಸಣ್ಣ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಢಾಕೆಯಲ್ಲಿ ವೈದ್ಯನಾಗಿದ್ದ ಜೇಮ್ಸ್ ಟೇಲರನು, ತನ್ನ ಎದುರಿನಲ್ಲಿ ಅಳೆದ ಕೈನೂಲಿನ ಒಂದು ಲಡಿ ಪೌಂಡಿಗೆ 250 ಮೈಲಿಗೂ ಮಿಗಿಲಾದ ಪ್ರಮಾಣದಲ್ಲಿತ್ತೆಂದು ಬರೆದಿದ್ದಾನೆ. ಲೆಕ್ಕ ಹಾಕಿದರೆ ಇದು ಐನೂರಕ್ಕೆ ಮೇಲಣ ನಂಬರು! ಇದನ್ನು ನೂಲುತ್ತಿದ್ದವರು ಕಣ್ಣು ಚುರುಕಾದ ಹರೆಯದ ಹೆಂಗಸರು. ಕಾಲ, ಬೆಳಗಿನ ಜಾವ ಮತ್ತು ಇಳಿಹೊತ್ತು. ಗಾಳಿಯಲ್ಲಿ ತೇವವಿದ್ದರೆ ಎಳೆ ಮೆತ್ತಗಾಗಿ, ತುಂಡಾಗದೆ ನೀಡುತ್ತದೆ, ಬಿಸಿಲೇರಿದರೆ ಕಡಿಯುತ್ತದೆ. ಆಶ್ಚರ್ಯವೆಂದರೆ ಫುಟಿ ಕಾರ್ಪಾಸವೆಂಬ ಆ ಹತ್ತಿಯ ಎಳೆ ಗಿಡ್ಡ. ಗಿಡ್ಡ ಎಳೆಯಿಂದ ಸಣ್ಣ ನೂಲನ್ನು ತೆಗೆಯುವುದು ಯಂತ್ರಕ್ಕೆ ಅಸಾಧ್ಯವಾದ ಕೆಲಸ. ಬೆರಳಿಗೆ ಮಾತ್ರ ತಿಳಿದಿದ್ದ ಆ ವಿದ್ಯೆ ಬೆರಳುಗಳೊಡನೆಯೇ ನಶಿಸಿತು.

ಬಟ್ಟೆಯಲ್ಲಿ ಉದ್ದಕ್ಕೆ ಹೂಡಿದ ನೂಲು ಹಾಸು, ಅಡ್ಡಕ್ಕೆ ಲಾಳಿಯಿಂದ ಹಾಯಿಸಿದ್ದು ಹೊಕ್ಕು. ಹಾಸುಹೊಕ್ಕು ಎಂಬ ಮಾತನ್ನು ನಾವು ನಿತ್ಯವೂ ಆಡುತ್ತೇವೆ; ಆದರೆ ಎರಡರ ಧರ್ಮವೂ ಬೇರೆ. ಹಾಸು ಮಗ್ಗದ ಮೇಲೆ ಬಿಗಿಯಾಗಿ ನಿಂತು, ಹಣಿಗೆಯ ಉಜ್ಜಾಟವನ್ನೂ ಅಣಿಯ ಏರಿಳಿತದ ಜಗ್ಗಾಟವನ್ನೂ ಸಾವಿರಾರು ಸಲ ತಾಳಬೇಕು. ಅದಕ್ಕೆ ಹುರಿ ಬಿಗಿಯಾಗಿರಬೇಕು; ಮೇಲೆ ಗಂಜಿಯನ್ನೂ ಉಣ್ಣಿಸಬೇಕು. ಹೊಕ್ಕಿಗೆ ಇಷ್ಟು ಕಷ್ಟವಿಲ್ಲ. ಅದು ಮೆತ್ತಗಿದ್ದಷ್ಟೂ ಬಟ್ಟೆ ತುಂಬಿಕೊಳ್ಳುತ್ತದೆ. ಗಿರಣಿಗಳಲ್ಲಿ ನಲವತ್ತನೆಯ ನಂಬರಿನ ಹಾಸಿನ ನೂಲಿಗೆ ಅಂಗುಲಕ್ಕೆ ಸುಮಾರು 25 ಸುತ್ತು ಹುರಿ ಕೊಟ್ಟರೆ, ಹೊಕ್ಕಿನ ನೂಲಿಗೆ ಸುಮಾರು 20 ಸಾಕು. ಈ ಐದು ಸುತ್ತುಗಳ ಅಂತರದಲ್ಲಿ ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯ ಒಂದು ಅಧ್ಯಾಯವೇ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ಹದಿನೆಂಟನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನಲ್ಲಿ ಹತ್ತಿಯ ನೂಲನ್ನು ತೆಗೆಯುತ್ತಿದ್ದರು. ಆದರೆ ಅದು ಹಾಸಿಗೆ ಸಾಲುವಷ್ಟು ಬಲವಾಗಿರಲಿಲ್ಲ. ಆದ್ದರಿಂದ ಅಗಸೆನಾರಿನ ಹಾಸು, ಹತ್ತಿಯ ಹೊಕ್ಕು, ಹೀಗೆ ಮಿಶ್ರವಾಗಿ ನೆಯ್ದ ಫಸ್ಟಿಯನ್ ಎಂಬ ಬಟ್ಟೆಯಿಂದ ಅವರು ತೃಪ್ತರಾಗಬೇಕಾಗಿತ್ತು. ಅಚ್ಚ ಹತ್ತಿಯ ಬಟ್ಟೆ ಬೇಕೆಂದರೆ ಭಾರತದಿಂದ ತರಿಸಬೇಕು. ಭಾರತದ ಬಟ್ಟೆಯ ಮೇಲಣ ಮೋಹ ಎಷ್ಟಾಯಿತೆಂದರೆ, ಅಲ್ಲಿಯ ಉಣ್ಣೆ ರೇಷ್ಮೆಗಳ ನೇಕಾರರು ಗಲಭೆಯೆಬ್ಬಿಸಿ, 1721ರಲ್ಲಿ ಅಚ್ಚುಹಾಕಿದ ಹತ್ತಿಬಟ್ಟೆಯನ್ನು ತೊಡುವುದನ್ನೇ ನಿಷೇಧಿಸುವ ಕಾಯಿದೆಯನ್ನು ಪಾರ್ಲಿಮೆಂಟಿನಿಂದ ಮಾಡಿಸಿದರು. 1733ರಲ್ಲಿ ಜಾನ್ ಕೇ ಎಂಬಾತನು ಹಾರುವ ಲಾಳಿಯನ್ನು ಕಂಡುಹಿಡಿದುದರಿಂದ ನೇಯ್ಗೆಯ ವೇಗ ಹೆಚ್ಚಿತು. ಒಬ್ಬ ನೇಕಾರನಿಗೆ ನೂಲನ್ನೊದಗಿಸಲು ಹಲವರು ನೂಲುವವರು ಬೇಕಾಯಿತು. ನೂಲಿನ ಈ ಬರಗಾಲವೇ ಮುಂದಿನ ಯಂತ್ರಗಳಿಗೆಲ್ಲ ತಾಯಿ.

ಬ್ಲಾಕ್‌ಬರ್ನ್ ಪ್ರಾಂತದ ಜೇಮ್ಸ್ ಹಾರ್ಗ್ರೀವ್ಸ್ 1764ರ ಸುಮಾರಿಗೆ ಕಟ್ಟಿದ ಜೆನ್ನಿಯಲ್ಲಿ ಒಂದೇ ಚಕ್ರಕ್ಕೆ ಎಂಟು ಕದಿರುಗಳು. ಆದರೆ ಅದರ ನೂಲು ಮೆತ್ತಗೆ. ಹೊಕ್ಕಿಗೆ ಸರಿಯೇ ಹೊರತು ಹಾಸಿಗಲ್ಲ. ಕ್ಷೌರಿಕನಾಗಿ ಬಾಳನ್ನಾರಂಭಿಸಿದ ರಿಚರ್ಡ್ ಆರ್ಕ್‌ರೈಟ್ 1769ರಲ್ಲಿ ಹಕ್ಕುಪತ್ರ ಪಡೆದ ಯಂತ್ರದ ಮಾರ್ಗ ಬೇರೆ. ಹಂಜಿಯನ್ನು ಬೆರಳಿನ ಬದಲು ಜೋಡಿ ಜೋಡಿ ಉರುಳೆಗಳ ನಡುವೆ ಹಾಯಿಸುವುದು. ಹಿಂದಿನ ಜೋಡಿಗಿಂತ ಮುಂದಿನ ಜೋಡಿ ಹೆಚ್ಚು ವೇಗವಾಗಿ ತಿರುಗುವುದರಿಂದ ಹಂಜಿ ನೀಡಿ ಸಣ್ಣಗಾಗುವುದು. ಕೊನೆಯಲ್ಲಿ ಕದಿರು ಅದಕ್ಕೆ ಬಿಗಿಯಾದ ಹುರಿಯನ್ನು ಕೊಡುವುದು. ಇದರಿಂದ ಹೊರಟ ನೂಲು ಹಾಸಿಗೆ ತಕ್ಕ ಗಟ್ಟಿ ನೂಲು. ಇಂಗ್ಲೆಂಡಿನಲ್ಲಿ ಅಚ್ಚ ಹತ್ತಿಯ ಬಟ್ಟೆಯನ್ನು ಹೇರಳವಾಗಿ ನೆಯ್ಯುವುದು ಆಗ ಸಾಧ್ಯವಾಯಿತು. 1774ರಲ್ಲಿ ಸ್ವದೇಶದಲ್ಲಿ ತಯಾರಾದ ಅಂಥ ಬಟ್ಟೆಯ ಮೇಲಣ ನಿಷೇಧವೂ ಹೋಯಿತು. ಬೋಲ್ಟನ್ನಿನ ಸ್ಯಾಮ್ಯುಯಲ್ ಕ್ರಾಂಪ್ಟನ್ 1779ರಲ್ಲಿ ಆರ್ಕ್‌ರೈಟನ ಉರುಳೆಗಳನ್ನೂ ಜೆನ್ನಿಯ ಹಿಂದುಮುಂದಾಗುವ ಬಂಡಿಯನ್ನೂ ಕೂಡಿಸಿದನು. ಎರಡು ಜಾತಿಗಳು ಬೆರೆತುದರಿಂದ ಅದಕ್ಕೆ ಮ್ಯೂಲ್, ಎಂದರೆ ಹೇಸರಗತ್ತೆ, ಎಂದು ಹೆಸರಾಯಿತು. ಅದರ ನೂಲು ಸಣ್ಣಗೂ ಬಲವಾಗಿಯೂ ಇದ್ದುದರಿಂದ ಮಸ್ಲಿನನ್ನು ಇಂಗ್ಲೆಂಡಿನಲ್ಲಿಯೇ ನೆಯ್ಯಬಹುದಾಯಿತು.

ಈ ಯಂತ್ರಗಳ ವೇಗವನ್ನು ಇತಿಹಾಸಜ್ಞರು ಲೆಕ್ಕ ಹಾಕಿದ್ದಾರೆ. ನೂರು ಪೌಂಡು ಹತ್ತಿಯನ್ನು ನಯವಾದ ನೂಲನ್ನಾಗಿ ಮಾಡಲು ಭಾರತದ ಕೈರಾಟೆಗೆ 50,000 ಗಂಟೆಗಳಿಗೂ ಹೆಚ್ಚು ದುಡಿಮೆ ಬೇಕಾಗಿದ್ದರೆ, ಕ್ರಾಂಪ್ಟನನ ಮ್ಯೂಲಿಗೆ ಸುಮಾರು 2,000 ಗಂಟೆ, 1825ರ ಹೊತ್ತಿನ ಸ್ವಯಂಚಾಲಿತ ಮ್ಯೂಲಿಗೆ ಸುಮಾರು 135 ಗಂಟೆ ಸಾಕಾಯಿತು. ಈ ಅಂಕಿಗಳ ಮುಂದೆ ರಾಟೆಯ ಸ್ಥಿತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ.

1820ರ ದಶಕದಿಂದ ವಿಲಾಯಿತಿ ನೂಲು ಭಾರತದ ಸಂತೆಗಳಿಗೆ ನುಗ್ಗಿತು. ಬಂಗಾಳದ 'ಸಮಾಚಾರ ದರ್ಪಣ'ವೆಂಬ ಪತ್ರಿಕೆಯಲ್ಲಿ 1828ರಲ್ಲಿ ಶಾಂತಿಪುರದ ಒಬ್ಬ ವಿಧವೆಯ ಹೆಸರಿನಲ್ಲಿ ಒಂದು ಕಾಗದ ಅಚ್ಚಾಯಿತು. ಗಂಡ ಸತ್ತ ಮೇಲೆ ನೂತು ಮನೆ ನಡೆಸಿದವಳು ಆಕೆ. ಮೊದಲು ನೇಕಾರರೇ ಮನೆ ಬಾಗಿಲಿಗೆ ಬಂದು ನೂಲು ಕೊಳ್ಳುತ್ತಿದ್ದರು. ಈಗ ಕರೆದರೂ ಬರುವವರಿಲ್ಲ. ವಿಚಾರಿಸಿದರೆ, ವಿಲಾಯಿತಿಯಿಂದ ನೂಲು ಬಂದಿದೆಯೆಂಬ ಉತ್ತರ. ತನ್ನ ನೂಲಿಗಿಂತ ಅದು ಅಗ್ಗವೆಂದು ತಿಳಿದಾಗ ಆಕೆಗೆ ಮೊದಲು ತೋರಿದ್ದು ಸಿಟ್ಟಲ್ಲ, ಕನಿಕರ: ಇಷ್ಟು ಕಡಮೆ ಬೆಲೆಗೆ ಕೊಡುವ ಆ ದೇಶದ ಹೆಂಗಸರು ತನಗಿಂತಲೂ ಬಡವರಾಗಿರಬೇಕು! ಕಡಲಿನಾಚೆ ಇರುವುದು ತನ್ನಂಥ ಹೆಂಗಸಲ್ಲ, ಉಗಿಯಂತ್ರವೆಂಬುದನ್ನು ಆಕೆ ಹೇಗೆ ತಾನೆ ಊಹಿಸಿಯಾಳು? ಆ ನೂಲಿನ ಬಟ್ಟೆ ಬಾಳಿಕೆ ಬರುವುದಿಲ್ಲವೆಂಬುದು ಆಕೆಯ ಕಡೆಯ ವಾದ. ವಾದ ಸರಿಯಾಗಿತ್ತೋ ಇಲ್ಲವೋ, ಕೇಳುವವರು ಯಾರೂ ಇರಲಿಲ್ಲ.

ಮೈಸೂರು ಸೀಮೆಯಲ್ಲಿ ಪರಿಸ್ಥಿತಿ ಹೇಗಿತ್ತೆಂಬುದನ್ನು 1800-1801ರಲ್ಲಿ ಇಲ್ಲಿ ಸಂಚಾರ ಮಾಡಿದ ಫ್ರಾನ್ಸಿಸ್ ಬುಕಾನನನ ದಿನಚರಿಯಿಂದ ತಿಳಿಯಬಹುದು. ಬ್ರಾಹ್ಮಣರನ್ನುಳಿದು ಎಲ್ಲ ಜಾತಿಯ ಹೆಂಗಸರೂ ವಾರದ ಸಂತೆಯಲ್ಲಿ ಹತ್ತಿಯನ್ನು ಕೊಂಡು, ಮನೆಯಲ್ಲಿ ನೂತು, ನೂಲನ್ನು ನೇಕಾರರಿಗೆ ಮಾರುತ್ತಿದ್ದರೆಂದು ಆತನು ಬರೆದಿದ್ದಾನೆ. ಎಂದರೆ, ನೂಲುವುದು ಒಂದು ಜಾತಿಯ ಕಸಬಾಗಿರಲಿಲ್ಲ; ಮಳೆಯಿಲ್ಲದ ತಿಂಗಳುಗಳಲ್ಲಿ ಒಕ್ಕಲಿಗರ ಮನೆಗೂ ಕೈಗಾಸಾಗಿತ್ತು. ವಿಲಾಯಿತಿ ನೂಲೂ ಆಮೇಲೆ ನಮ್ಮ ಗಿರಣಿಗಳ ನೂಲೂ ಬಂದಾಗ ನೇಕಾರನು ಕಷ್ಟಪಟ್ಟರೂ ಉಳಿದುಕೊಂಡನು. ಅಗ್ಗದ ಸಮನಾದ ನೂಲು ಅವನಿಗೆ ಒಂದು ಬಗೆಯಲ್ಲಿ ಸಹಾಯವನ್ನೇ ಮಾಡಿತು. ಹಾಸು ಕಡಿಯುವುದು ಕಡಮೆಯಾಯಿತು. ನಾಶವಾದವಳು ನೂಲುವವಳು. ನೇಯ್ಗೆಯವರು ಸಂಘ ಕಟ್ಟಿ ಅಹವಾಲು ಹೇಳಿಕೊಂಡದ್ದುಂಟು. ಮನೆಮನೆಯಲ್ಲಿ ಚದರಿಹೋಗಿದ್ದ ಇವರು ಮೌನವಾಗಿ ರಾಟೆಯನ್ನು ಅಟ್ಟಕ್ಕೇರಿಸಿದರು. ನಮ್ಮ ಆರ್ಥಿಕ ಇತಿಹಾಸದಲ್ಲಿ ಇಷ್ಟು ದೊಡ್ಡ ನಷ್ಟ ಇಷ್ಟು ಸದ್ದಿಲ್ಲದೆ ಆದುದು ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ.

ಯಂತ್ರದ ಆಸೆ ಹೊಲವನ್ನೂ ಬಿಡಲಿಲ್ಲ. ಉರುಳೆಗಳ ಯಂತ್ರಕ್ಕೆ ಉದ್ದವಾದ ಎಳೆಯೇ ಇಷ್ಟ. ಉದ್ದ ಎಳೆಗಳು ನೂಲಿನೊಳಗೆ ಹೆಚ್ಚು ದೂರ ಒಂದನ್ನೊಂದು ತಬ್ಬಿರುವುದರಿಂದ ಕಡಮೆ ಹುರಿಯಲ್ಲಿಯೇ ಬಲ ಬರುತ್ತದೆ. ಕುಮಟೆಯ ಬಂದರಿನಿಂದ ಹಡಗೇರುತ್ತಿದ್ದುದರಿಂದ ಕುಮಟಾ ಹತ್ತಿಯೆಂದು ಹೆಸರಾದ ಧಾರವಾಡ ಸೀಮೆಯ ನಾಡಹತ್ತಿಯ ಎಳೆ ಅಷ್ಟು ಉದ್ದವಲ್ಲ. ಆದ್ದರಿಂದ 1840ರ ದಶಕದಲ್ಲಿ ಕಂಪನಿ ಸರಕಾರದವರು ಅಮೆರಿಕದ ಬೀಜವನ್ನು ಅಲ್ಲಿ ಬಿತ್ತಿಸಿದರು. 'ಧಾರವಾಡ-ಅಮೆರಿಕನ್' ಎಂಬ ಹತ್ತಿ ನೆಲೆಯೂರಿತು. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಮ್ಯಾಂಚೆಸ್ಟರಿಗೆ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. 1880ರ ದಶಕದಲ್ಲಿ ಘಟಪ್ರಭೆಯ ಜಲಪಾತದ ಶಕ್ತಿಯಿಂದ ಗೋಕಾಕದಲ್ಲಿ ನೂಲಿನ ಗಿರಣಿ ತಿರುಗತೊಡಗಿತು. ಆರ್ಕ್‌ರೈಟನು ನದಿಯ ನೀರಿನಿಂದ ತನ್ನ ಯಂತ್ರಗಳನ್ನು ನಡೆಸಿದ ನೂರು ವರ್ಷಗಳ ಮೇಲೆ ಅದೇ ಉಪಾಯ ಕನ್ನಡನಾಡಿಗೆ ಬಂದಂತಾಯಿತು. ಎಳೆಯ ಉದ್ದಕ್ಕಾಗಿ ನಡೆದ ಪ್ರಯತ್ನದಲ್ಲಿ ಧಾರವಾಡಕ್ಕೇ ಒಂದು ಕೀರ್ತಿಯೂ ಸಂದಿದೆ: ಡಾಕ್ಟರ್ ಕಟರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಬೆಳಸಿದ 'ವರಲಕ್ಷ್ಮಿ' ತಳಿ 1972ರಲ್ಲಿ ಬಿಡುಗಡೆಯಾಗಿ, ಬಲು ಉದ್ದನೆಯ ಎಳೆಯನ್ನು ನಮ್ಮ ಹೊಲಗಳಲ್ಲಿಯೇ ದೊರಕಿಸಿತು.

ಉಣ್ಣೆಯ ವಿಷಯವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಉಣ್ಣೆಯನ್ನು ಹಿಂಜಿ ಹಾಗೆಯೇ ನೂತರೆ ಎಳೆಗಳು ಅಡ್ಡಾದಿಡ್ಡಿಯಾಗಿ ನಿಂತು ನೂಲು ಪೊಮ್ಮೆನೆ ಉಬ್ಬಿರುತ್ತದೆ. ಬಾಚಣಿಗೆಯಿಂದ ಬಾಚಿ, ಗಿಡ್ಡ ಎಳೆಗಳನ್ನು ತೆಗೆದು, ಉದ್ದನೆಯವನ್ನು ಸಾಲಾಗಿ ಮಲಗಿಸಿ ನೂತರೆ ನೂಲು ನಯವಾಗಿ ಹೊಳೆಯುತ್ತದೆ. ಮೊದಲನೆಯದರಿಂದ ಕಂಬಳಿ, ಎರಡನೆಯದರಿಂದ ಕೋಟಿನ ಸರ್ಜು. ನಮ್ಮ ಕುರುಬರ ಕಂಬಳಿಯ ನೂಲು ಒರಟು. ಹಾಸಿಗೆ ಹುಣಿಸೆಬೀಜದ ಸರಿಯನ್ನು ಬಳಿದು ಬಲಪಡಿಸುತ್ತಾರೆ. ಆ ಒರಟುತನವನ್ನು ದೋಷವೆನ್ನಬಾರದು. ಉಬ್ಬಿದ ನೂಲಿನೊಳಗಿನ ಗಾಳಿ ಚಳಿಯನ್ನು ತಡೆಯುತ್ತದೆ. ಬಿಗಿಯಾದ ನೇಯ್ಗೆ ಮಳೆಹನಿಯನ್ನು ತಡೆಯುತ್ತದೆ. ಸರ್ಜಿನ ಕೋಟನ್ನು ಹಾಕಿಕೊಂಡು ಮಳೆಯಲ್ಲಿ ಕುರಿ ಕಾಯುವುದು ಸಾಧ್ಯವಿಲ್ಲ.

ರೇಷ್ಮೆ ಈ ಗುಂಪಿಗೆ ಸೇರಿದ್ದಲ್ಲ. ಹತ್ತಿ ಉಣ್ಣೆಗಳ ಎಳೆ ತುಂಡು. ರೇಷ್ಮೆಯ ಎಳೆ ಅಖಂಡ. ಒಂದು ಗೂಡಿನಿಂದ ನೂರಾರು ಗಜ, ಉತ್ತಮವಾದ ತಳಿಯಲ್ಲಿ ಸಾವಿರ ಗಜಕ್ಕೂ ಮಿಗಿಲಾಗಿ, ಒಂದೇ ಎಳೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ರೇಷ್ಮೆಯನ್ನು ನೂಲುವುದಿಲ್ಲ, ಬಿಚ್ಚುತ್ತಾರೆ. ಬಿಸಿನೀರಿನಲ್ಲಿ ಹಾಕಿದ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡುತ್ತಾರೆ. ಇದರ ತೂಕವನ್ನು ಡೆನಿಯರಿನಲ್ಲಿ ಅಳೆಯುವುದು: 9,000 ಮೀಟರು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರು. ಇಲ್ಲಿ ಅಂಕಿ ಏರಿದಷ್ಟೂ ನೂಲು ದಪ್ಪ. ಹತ್ತಿಯ ನಂಬರಿಗೆ ತಲೆಕೆಳಗು. ಅಖಂಡವಾದ ಎಳೆಗೆ ಹಿಡಿತಕ್ಕಾಗಿ ಹುರಿ ಬೇಕಾಗಿಯೇ ಇಲ್ಲ. ಹಾಗಾದರೆ ಮೈಸೂರು ರೇಷ್ಮೆಗೆ ಹುರಿಯೇಕೆ?

ಇಲ್ಲಿಯೇ ನೂಲಿನ ಚಮತ್ಕಾರವಿರುವುದು. ಟಿಪ್ಪು ಸುಲ್ತಾನನ ಕಾಲದಲ್ಲಿ ಈ ಸೀಮೆಗೆ ಬಂದ ರೇಷ್ಮೆಯ ಕೃಷಿಗೆ ಆಧುನಿಕ ನೇಯ್ಗೆಯ ಆಸರೆ ದೊರೆತದ್ದು, ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಸ್ವಿಟ್ಜರ್ಲೆಂಡಿನ ಮಗ್ಗಗಳನ್ನು ತರಿಸಿ ರೇಷ್ಮೆ ನೇಯ್ಗೆಯ ಕಾರ್ಖಾನೆಯನ್ನು ತೆರೆದಾಗ. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತಕ್ಕೆ ಬಂದಿತು. ಮೈಸೂರು ಕ್ರೇಪ್ ಸೀರೆಯ ಗುಟ್ಟು ಬಣ್ಣದಲ್ಲಿಲ್ಲ, ಅಂಚಿನಲ್ಲಿಲ್ಲ, ಹೊಕ್ಕಿನ ಹುರಿಯಲ್ಲಿದೆ. ಕ್ರೇಪಿನ ನೂಲಿಗೆ ಮೀಟರಿಗೆ ಎರಡು ಸಾವಿರ ಸುತ್ತುಗಳಿಗೂ ಮಿಗಿಲಾದ ಹುರಿ; ಕೆಲವು ಎಳೆಗಳು 'ಎಸ್' ದಿಕ್ಕಿಗೆ, ಕೆಲವು 'ಜೆಡ್' ದಿಕ್ಕಿಗೆ; ನೆಯ್ಯುವಾಗ ಒಂದಾದ ಮೇಲೊಂದು ಬರುವಂತೆ ಹಾಯಿಸುತ್ತಾರೆ. ಮಗ್ಗದಿಂದ ಇಳಿದಾಗ ಬಟ್ಟೆ ಸಪಾಟಾಗಿಯೇ ಇರುತ್ತದೆ, ಏಕೆಂದರೆ ರೇಷ್ಮೆಯ ಸ್ವಾಭಾವಿಕವಾದ ಗೋಂದು ಹುರಿಯನ್ನು ಹಿಡಿದಿಟ್ಟಿರುತ್ತದೆ. ಸಾಬೂನಿನ ನೀರಿನಲ್ಲಿ ಕುದಿಸಿ ಗೋಂದನ್ನು ತೆಗೆದೊಡನೆ, ಬಂಧನದಿಂದ ಬಿಡುಗಡೆಯಾದ ಎಳೆಗಳು ಒಂದು ಬಲಕ್ಕೂ ಇನ್ನೊಂದು ಎಡಕ್ಕೂ ಬಿಚ್ಚಿಕೊಳ್ಳಲೆಳಸಿ, ಪರಸ್ಪರ ತಡೆದು, ಬಟ್ಟೆಯ ಮೈಮೇಲೆಲ್ಲ ಸೂಕ್ಷ್ಮವಾದ ಕಂಪನದಂಥ ಸುಕ್ಕನ್ನೆಬ್ಬಿಸುತ್ತವೆ. ಆ ಸೀರೆಯ ಮೃದುವಾದ ಇಳಿಬೀಳು, ಮಡಿಸಿಟ್ಟರೂ ಗೆರೆ ನಿಲ್ಲದಿರುವ ಗುಣ, ಕಣ್ಣಿಗೆ ಹೊಡೆಯದ ಮಂದವಾದ ಕಾಂತಿ, ಎಲ್ಲವೂ ಇದರ ಫಲ. ಹುರಿಯಿಲ್ಲದ ರೇಷ್ಮೆಯಾದರೆ ಕನ್ನಡಿಯಂತೆ ಥಳಥಳಿಸುತ್ತದೆ. ಸ್ಯಾಟಿನ್ ಬಟ್ಟೆಯ ಹೊಳಪು ಅದು.

ಕೊನೆಗೆ ಮತ್ತೆ ರಾಟೆಗೇ ಬರೋಣ. ಗಾಂಧಿಯವರು ಸಬರಮತಿಯ ಆಶ್ರಮದಲ್ಲಿ ಮೊದಲು ಹೂಡಿದ್ದು ರಾಟೆಯನ್ನಲ್ಲ, ಕೈಮಗ್ಗವನ್ನು, ನೂಲು ಗಿರಣಿಯದು. ಮಗ್ಗ ತಮ್ಮದಾದರೂ ನೂಲು ಪರರದಾಗಿರುವ ವರೆಗೆ ನೇಕಾರನು ಗಿರಣಿಯ ಕೂಲಿಯೇ ಸರಿ ಎಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. ರಾಟೆಗಾಗಿ ಹುಡುಕಾಟ ನಡೆಯಿತು. ಬಡೋದೆ ಸಂಸ್ಥಾನದ ವಿಜಾಪುರವೆಂಬ ಊರಿನಲ್ಲಿ ಗಂಗಾಬೆಹೆನ್ ಮಜುಮ್‌ದಾರ್ ಎಂಬಾಕೆ ಅಟ್ಟ ಸೇರಿದ್ದ ರಾಟೆಗಳನ್ನು ಪತ್ತೆಮಾಡಿದರು. ನೂತದ್ದೂ ಕೈಯಿಂದ, ನೆಯ್ದದ್ದೂ ಕೈಯಿಂದ ಆದರೆ ಮಾತ್ರ ಖಾದಿ ಎಂಬ ಲಕ್ಷಣ ಹುಟ್ಟಿದ್ದು ಹೀಗೆ. ಕೈನೂಲಿನಲ್ಲಿ ಹುರಿ ಎಲ್ಲೆಡೆಯೂ ಸಮನಾಗಿರುವುದಿಲ್ಲ. ಸಣ್ಣದಾದಲ್ಲಿ ಹುರಿ ಹೆಚ್ಚಾಗಿ ಸೇರುತ್ತದೆ, ದಪ್ಪನಾದಲ್ಲಿ ಕಡಮೆ. ಖಾದಿಯ ಮೈ ತೊಟ್ಟಷ್ಟೂ ಹದವಾಗುವುದಕ್ಕೂ ಬೆವರನ್ನು ಬೇಗ ಹೀರುವುದಕ್ಕೂ ಈ ಮೆತ್ತನೆಯ ಜಾಗಗಳೇ ಕಾರಣ. ಹಾಸು ಮೇಲಿಂದ ಮೇಲೆ ಕಡಿದು ನೇಕಾರನನ್ನು ಕಾಡುವುದಕ್ಕೂ ಕಾರಣ ಅದೇ ಏರುಪೇರು. ಉತ್ತಮವಾದ ರಾಟೆಯನ್ನು ರಚಿಸಿದವರಿಗೆ ಅಖಿಲ ಭಾರತ ಚರಕಾ ಸಂಘದವರು 1929ರಲ್ಲಿ ಒಂದು ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿದರು. ಮುಂದೆ ತಮಿಳುನಾಡಿನ ಏಕಾಂಬರನಾಥನ್ ಎಂಬವರು ರಚಿಸಿದ ಅಂಬರ ಚರಕ ಖಾದಿ ಕೇಂದ್ರಗಳಲ್ಲಿ ನೆಲಸಿತು. ಅದರೊಳಗೆ ಇಣಿಕಿ ನೋಡಿದರೆ ಕಾಣುವುದೇನು? ಜೋಡಿ ಉರುಳೆಗಳು! ಹಿಂದಿನದು ನಿಧಾನ, ಮುಂದಿನದು ವೇಗ. ರಾಟೆಯನ್ನು ಅಟ್ಟಕ್ಕೇರಿಸಿದ ಆರ್ಕ್‌ರೈಟನ ಉಪಾಯವೇ ರಾಟೆಯನ್ನು ಅಟ್ಟದಿಂದ ಇಳಿಸಲೂ ನೆರವಾಯಿತು. ಯಂತ್ರದ ತತ್ತ್ವಕ್ಕೆ ಪಕ್ಷಪಾತವಿಲ್ಲ. ಅದು ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆ ಹಳೆಯದಾಗಿಲ್ಲ. ಧಾರವಾಡ ಜಿಲ್ಲೆಯ ಗರಗದಲ್ಲಿ ರಾಷ್ಟ್ರಧ್ವಜದ ಖಾದಿಯನ್ನು ನೂತು ನೆಯ್ಯುವವರೂ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜವನ್ನು ಸಿದ್ಧಪಡಿಸುವವರೂ ಬಹುಮಂದಿ ಹೆಂಗಸರು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಿಂದ ತಯಾರಾದ ಪಾಲಿಯೆಸ್ಟರ್ ಬಟ್ಟೆಯ ಧ್ವಜಕ್ಕೂ ಅನುಮತಿಯಿತ್ತರು. ಪಾಲಿಯೆಸ್ಟರ್ ನೂಲು ರೇಷ್ಮೆಯಂತೆ ಅಖಂಡವಾದ ಎಳೆ; ಅದನ್ನು ತುಂಡರಿಸಿ ಹತ್ತಿಯಂತೆ ನೂಲಬಹುದು, ಕಾಯಿಸಿ ಗುಂಗುರು ಮಾಡಿ ಉಣ್ಣೆಯಂತೆ ಉಬ್ಬಿಸಲೂಬಹುದು. ಅಗ್ಗ, ಬಲ, ಸುಕ್ಕಿಲ್ಲ. ನೀರನ್ನು ಮಾತ್ರ ಹೀರದು. ಅದನ್ನು ಜರಿಯುವುದು ನನ್ನ ಉದ್ದೇಶವಲ್ಲ. ಬಡವರ ಮೈ ಮುಚ್ಚಿದ ಉಪಕಾರ ಅದಕ್ಕೂ ಸಲ್ಲಬೇಕು. ಆದರೆ ಆ ತಿದ್ದುಪಡಿಯ ಸುದ್ದಿಯನ್ನು ಓದಿದವರಲ್ಲಿ ಎಷ್ಟು ಮಂದಿ, ಬದಲಾದದ್ದು ಬಟ್ಟೆಯಲ್ಲ, ನೂಲು ಎಂಬುದನ್ನು ಗಮನಿಸಿದರು?

ಮುಂದೆ ತಾವು ಬಟ್ಟೆ ಕೊಳ್ಳುವಾಗ ಅದರ ಅಂಚಿನಿಂದ ಒಂದು ಎಳೆಯನ್ನು ಬಿಡಿಸಿ, ಬೆರಳುಗಳ ನಡುವೆ ಹುರಿಗೆ ವಿರುದ್ಧವಾಗಿ ತಿರುಗಿಸಿ ನೋಡಿ. ಅದು ತುಂಡು ತುಂಡಾಗಿ ಚದರಿದರೆ ನೂತದ್ದು. ನುಣುಪಾದ ಉದ್ದನೆಯ ಎಳೆಗಳಾಗಿ ಬಿರಿದರೆ ರೇಷ್ಮೆ, ಇಲ್ಲವೆ ಅದರ ಅನುಕರಣೆ. ಹುರಿ ಬೇಗ ಬಿಚ್ಚಿದರೆ ಮೆತ್ತನೆಯ ಬಟ್ಟೆ; ತಡವಾದರೆ ಗಟ್ಟಿ ಬಟ್ಟೆ. ಬಾಳಿಕೆಯ ಬಗೆಗೆ ಅಂಗಡಿಯವನು ಹೇಳದ ಎಷ್ಟೋ ಸಂಗತಿಗಳನ್ನು ಆ ಒಂದು ಎಳೆ ಹೇಳುತ್ತದೆ. ಶಾಂತಿಪುರದ ಆ ವಿಧವೆ ಪತ್ರಿಕೆಗೆ ಬರೆಸಿ ಕೇಳಿಕೊಂಡದ್ದು ವಿಲಾಯಿತಿಯ ನೂಲುವವರನ್ನು: ಇಲ್ಲಿಗೆ ನೂಲನ್ನು ಕಳುಹಿಸುವುದು ನ್ಯಾಯವೋ ಅಲ್ಲವೋ ಎಂದು ಅವರೇ ಯೋಚಿಸಬೇಕೆಂದು.